ಬಾಣಂತಿಯರ ಬಂಧು ಸೆಮೆಲ್‌ವೈಸ್

ಹೆರಿಗೆಯನ್ನು ಹೆಣ್ಣಿನ ಮರುಹುಟ್ಟೆಂದು ನಮ್ಮ ಹಿರಿಯರು ಕರೆದುದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಮಗು ಹುಟ್ಟಿ, ಮನೆಯವರೆಲ್ಲ ನಿರಾಳವಾಗಿ ಉಸಿರುಬಿಟ್ಟ ಮೇಲೆ, ಮೂರನೆಯ ದಿನವೋ ನಾಲ್ಕನೆಯ ದಿನವೋ ಚಳಿ ಹತ್ತಿ, ಜ್ವರ ಏರಿ, ಹೊಟ್ಟೆ ಉಬ್ಬಿ, ಮಾತು ತಪ್ಪಿ ಪ್ರಾಣ ಹೋಗುವುದಿತ್ತು. ಪಂಡಿತರು ಸೂತಿಕಾಜ್ವರವೆಂದೂ ಹಳ್ಳಿಯವರು ಬಾಣಂತಿ ಸನ್ನಿಯೆಂದೂ ಕರೆದು ಹೆದರುತ್ತಿದ್ದ ಈ ಕೇಡು, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಯೂರೋಪಿನ ದೊಡ್ಡ ಆಸ್ಪತ್ರೆಗಳಲ್ಲಿಯೇ ಮಾರಿಯಂತೆ ನೆಲೆಯೂರಿತ್ತು. ಅದನ್ನು ತಡೆಯುವ ದಾರಿಯನ್ನು ಕಂಡವನು ಇಗ್ನಾಜ್ ಫಿಲಿಪ್ ಸೆಮೆಲ್‌ವೈಸ್. 2020ರಲ್ಲಿ ಜಗತ್ತೆಲ್ಲ ಕೈ ತೊಳೆಯುವ ಪಾಠವನ್ನು ಹೊಸದಾಗಿ ಕಲಿಯಬೇಕಾಗಿ ಬಂದಾಗ ಅವನ ಹೆಸರು ಮತ್ತೆ ಕೇಳಿಬಂದಿತು. ಅವನ ಶೋಧವನ್ನು ಬಲ್ಲವರು ಅನೇಕರು. ಜೊತೆಯಲ್ಲಿ ಕೆಲಸ ಮಾಡುವವರೊಡನೆ ಅವನು ನಡೆದುಕೊಂಡ ಬಗೆ, ಅವರು ಅವನೊಡನೆ ನಡೆದುಕೊಂಡ ಬಗೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನನ್ನನ್ನು ಶೋಧಕ್ಕಿಂತ ಹೆಚ್ಚಾಗಿ ಕಾಡಿರುವುದು ಈ ಎರಡನೆಯ ಕಥೆ.

ಅವನು ಹುಟ್ಟಿದುದು 1818ರ ಜುಲೈ 1ರಂದು, ಹಂಗೆರಿಯ ಬುಡಾ ನಗರದಲ್ಲಿ. ತಂದೆ ದಿನಸಿ ವ್ಯಾಪಾರಿ. ನ್ಯಾಯಶಾಸ್ತ್ರ ಓದಲೆಂದು 1837ರಲ್ಲಿ ವಿಯೆನ್ನಾಕ್ಕೆ ಹೋದ ಹುಡುಗ ಅಲ್ಲಿ ವೈದ್ಯಶಾಸ್ತ್ರಕ್ಕೆ ಮನಸೋತನು, 1844ರಲ್ಲಿ ವೈದ್ಯನಾದನು. 1846ರ ಜುಲೈ ತಿಂಗಳಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಹೆರಿಗೆಯ ಒಂದನೆಯ ವಿಭಾಗದಲ್ಲಿ, ಪ್ರೊಫೆಸರ್ ಯೊಹಾನ್ ಕ್ಲೈನನ ಕೈಕೆಳಗೆ ಸಹಾಯಕನಾಗಿ ಸೇರಿದನು.

ಆ ಆಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಶಿಕ್ಷಣ, ಎರಡನೆಯದರಲ್ಲಿ ಸೂಲಗಿತ್ತಿಯರಿಗೆ. ಸರದಿಯ ದಿನ ನೋಡಿ ಗರ್ಭಿಣಿಯರನ್ನು ಒಂದಕ್ಕೋ ಇನ್ನೊಂದಕ್ಕೋ ಸೇರಿಸಿಕೊಳ್ಳುತ್ತಿದ್ದರು. 1846ರಲ್ಲಿ ಒಂದನೆಯ ವಿಭಾಗದಲ್ಲಿ ಹೆತ್ತ 4,010 ತಾಯಂದಿರಲ್ಲಿ 459 ಮಂದಿ ತೀರಿಕೊಂಡರು. ಎರಡನೆಯದರಲ್ಲಿ 3,754 ಮಂದಿಯಲ್ಲಿ 105. ಈ ವ್ಯತ್ಯಾಸವನ್ನು ಊರಿನ ಬಡ ಹೆಂಗಸರು ಯಾವ ಅಂಕಿ ಅಂಶದ ನೆರವೂ ಇಲ್ಲದೆ ಅರಿತಿದ್ದರು. ತಮ್ಮನ್ನು ಒಂದನೆಯ ವಿಭಾಗಕ್ಕೆ ಹಾಕಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. ಆಸ್ಪತ್ರೆ ಮುಟ್ಟುವ ಮೊದಲು ಬೀದಿಯಲ್ಲಿಯೇ ಹೆತ್ತವರಿಗೆ ಜ್ವರ ಬರುವುದು ಅಪರೂಪವಾಗಿತ್ತು. ಬೀದಿಗಿಂತ ಆಸ್ಪತ್ರೆ ಅಪಾಯವೆಂದರೆ ಅಲ್ಲಿನ ವೈದ್ಯರಿಗೆ ಅನ್ನಿಸಬೇಕಾದುದೇನು? ಹೆಚ್ಚಿನವರು ವಾಯುಮಂಡಲದ ದೋಷವೆಂದು ಹೇಳಿ ಸುಮ್ಮನಾಗಿದ್ದರು. ಸೆಮೆಲ್‌ವೈಸ್ ಸುಮ್ಮನಾಗಲಾರದೆ ಹೋದನು.

ಅವನ ಸ್ವಭಾವದ ಒಂದು ಮುಖವನ್ನು ತೋರಿಸುವ ಸಂಗತಿ ಇಲ್ಲಿದೆ. ಸಾಯುವವರಿಗೆ ಅಂತ್ಯಸಂಸ್ಕಾರ ನೀಡಲು ಪಾದ್ರಿ ಬರುವಾಗ ಅವನ ಮುಂದೆ ಪರಿಚಾರಕನೊಬ್ಬ ಗಂಟೆ ಬಾರಿಸುತ್ತ ನಡೆಯುವುದು ಪದ್ಧತಿ. ಒಂದನೆಯ ವಿಭಾಗದಲ್ಲಿ ರೋಗಿಗಳ ಕೋಣೆಗೆ ಹೋಗಲು ಐದು ವಾರ್ಡುಗಳನ್ನು ದಾಟಬೇಕು. ದಿನಕ್ಕೆ ಹಲವು ಸಲ ಆ ಗಂಟೆ ಕೇಳಿ, ಮುಂದಿನ ಸರದಿ ತನ್ನದೋ ಎಂದು ಬಾಣಂತಿಯರು ನಡುಗುತ್ತಿದ್ದರು. ಆ ಸದ್ದಿಗೆ ಸೆಮೆಲ್‌ವೈಸನ ಕರುಳೂ ಹಿಂಡುತ್ತಿತ್ತು. ಗಂಟೆಯನ್ನು ನಿಲ್ಲಿಸಿ, ಬಳಸು ದಾರಿಯಿಂದ ಸದ್ದಿಲ್ಲದೆ ಬರಬೇಕೆಂದು ಅವನು ಪಾದ್ರಿಯನ್ನು ಒಪ್ಪಿಸಿದನು. ಸಾವಿನ ಸಂಖ್ಯೆಯೇನೋ ಇಳಿಯಲಿಲ್ಲ. ಆದರೂ ಆ ಗಂಟೆ ನಿಂತಿತಲ್ಲ, ಅದು ಸಣ್ಣ ಉಪಕಾರವಲ್ಲ.

1847ರ ಮಾರ್ಚ್ ತಿಂಗಳಲ್ಲಿ ಅವನು ವೆನಿಸ್ ಪ್ರವಾಸದಿಂದ ಮರಳಿದಾಗ ಗೆಳೆಯ ಕೊಲ್ಲೆಚ್ಕನ ಸಾವಿನ ಸುದ್ದಿ ಕಾದಿತ್ತು. ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆತನ ಬೆರಳಿಗೆ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಕತ್ತಿ ತಗುಲಿತ್ತು. ದುಃಖದ ನಡುವೆಯೇ ಸೆಮೆಲ್‌ವೈಸ್ ಗೆಳೆಯನ ಶವಪರೀಕ್ಷೆಯ ವರದಿಯನ್ನು ಓದಿದನು. ಅದರಲ್ಲಿದ್ದುದು ಬಾಣಂತಿಯರ ದೇಹದಲ್ಲಿ ತಾನು ದಿನವೂ ಕಾಣುತ್ತಿದ್ದ ಲಕ್ಷಣಗಳೇ! ಹೆಣದ ಮನೆಯಿಂದ ವಿದ್ಯಾರ್ಥಿಗಳೂ ವೈದ್ಯರೂ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೋಪಿನಲ್ಲಿ ತೊಳೆದರೂ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿರಲಿಲ್ಲ. ಜೀವ ಉಳಿಸಬೇಕಾದ ಕೈಯೇ ಸಾವನ್ನು ಹೊತ್ತು ತರುತ್ತಿತ್ತು.

ಈ ಅರಿವು ಬಂದಾಗ ಅವನು ಮೊದಲು ಬೆರಳು ತೋರಿದುದು ತನ್ನ ಕಡೆಗೆ. ರೋಗದ ಕಾರಣ ಹುಡುಕುವ ಹಂಬಲದಿಂದ ಎಲ್ಲರಿಗಿಂತ ಹೆಚ್ಚು ಶವಪರೀಕ್ಷೆ ಮಾಡಿದವನು ಅವನೇ. ತನ್ನಿಂದ ಎಷ್ಟು ಮಂದಿ ಅಕಾಲದಲ್ಲಿ ಸಮಾಧಿ ಸೇರಿದರೆಂಬುದು ದೇವರಿಗೇ ಗೊತ್ತೆಂಬ ಭಾವವನ್ನು ಮುಂದೆ ತನ್ನ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದನು. ಶಾಸ್ತ್ರಗ್ರಂಥಗಳಲ್ಲಿ ಇಂಥ ಪುಟಗಳು ವಿರಳ.

ಮೇ ತಿಂಗಳ ನಡುವಿನಿಂದ ಬಾಗಿಲಲ್ಲಿ ಕ್ಲೋರಿನ್ ನೀರಿನ ಬೋಗುಣಿ ಇಡಿಸಿದನು. ಅದು ದುಬಾರಿಯಾದುದರಿಂದ ಬಳಿಕ ಕ್ಲೋರಿನ್ ಬೆರೆತ ಸುಣ್ಣ, ಎಂದರೆ ನಮ್ಮ ನಗರಸಭೆಯವರು ಚರಂಡಿಗೆ ಎರಚುವ ಬ್ಲೀಚಿಂಗ್ ಪುಡಿ, ಬಂದಿತು. ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನಿನಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಅಕ್ಟೋಬರಿನಲ್ಲಿ ಒಂದು ಪೆಟ್ಟು ಬಿದ್ದಿತು. ಗರ್ಭಕೋಶದ ಅರ್ಬುದವಿದ್ದ ಹೆಂಗಸೊಬ್ಬಳನ್ನು ಸಾಲಿನ ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರು. ಅವಳನ್ನು ಪರೀಕ್ಷಿಸಿದ ಮೇಲೆ ಬರಿಯ ಸೋಪಿನಲ್ಲಿ ಕೈ ತೊಳೆದು ಮುಂದಿನವರನ್ನು ಮುಟ್ಟಿದುದರಿಂದ, ಜೊತೆಯಲ್ಲಿ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ವಿಷವು ಹೆಣದಿಂದ ಮಾತ್ರವಲ್ಲ, ಜೀವಂತ ದೇಹದ ಕೊಳೆತದಿಂದಲೂ ಬರುವುದೆಂದು ಆಗ ತಿಳಿಯಿತು. ಕ್ಲೋರಿನ್ ಸ್ನಾನದ ನಿಯಮ ಇನ್ನೂ ಬಿಗಿಯಾಯಿತು. 1848ರಲ್ಲಿ 3,556 ಹೆರಿಗೆಗಳಲ್ಲಿ ಸತ್ತವರು 45. ಎರಡು ತಿಂಗಳುಗಳಲ್ಲಿ ಒಬ್ಬಳೂ ಸಾಯಲಿಲ್ಲ.

ಇಷ್ಟಾದ ಮೇಲೆ ಲೋಕವೇ ಅವನನ್ನು ಕೊಂಡಾಡಬೇಕಿತ್ತು. ಆದರೆ ಈ ಸತ್ಯವನ್ನು ಒಪ್ಪಿಕೊಳ್ಳುವುದೆಂದರೆ ಏನೆಂದು ನೆನೆಯಬೇಕು. ಕ್ಲೈನ್ ಆ ಪೀಠದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕುಳಿತವನು. ಅವನಿಗಿಂತ ಹಿಂದಿನವನ ಕಾಲದಲ್ಲಿ ಸಾವು ಕಡಿಮೆಯಿತ್ತು. ಸಹಾಯಕನ ಮಾತು ನಿಜವಾದರೆ ಆ ವರ್ಷಗಳ ಗೋರಿಗಳೆಲ್ಲ ತನ್ನ ಲೆಕ್ಕಕ್ಕೆ! ಜರ್ಮನಿಯ ಕೀಲ್ ನಗರದಲ್ಲಿ ಮಿಖಾಯೆಲಿಸ್ ಎಂಬ ಹೆರಿಗೆತಜ್ಞನಿದ್ದನು. ಅವನು ವಿಯೆನ್ನಾದ ವರದಿಯನ್ನು ನಂಬಿದನು, ಕ್ಲೋರಿನ್ ತೊಳೆತವನ್ನು ತಂದನು. ತಾನೇ ಹೆರಿಗೆ ಮಾಡಿಸಿದ, ಬಳಿಕ ಜ್ವರದಿಂದ ಸತ್ತ ತನ್ನ ಸೋದರ ಸಂಬಂಧಿಯ ನೆನಪು ಅವನನ್ನು ಬಿಡಲಿಲ್ಲ. 1848ರ ಆಗಸ್ಟಿನಲ್ಲಿ ಅವನು ರೈಲಿಗೆ ಸಿಕ್ಕಿ ಪ್ರಾಣ ಕಳೆದುಕೊಂಡನು. ನಂಬಿದವನ ಗತಿ ಇದು, ನಂಬದವರು ಸುಖವಾಗಿದ್ದರು. ತಪ್ಪು ಮಾಡಿದ ಸಹೋದ್ಯೋಗಿಗೆ ತಿದ್ದಿಕೊಂಡು ಬದುಕಲು ಎಡೆಮಾಡಿಕೊಡುವ ಒಂದು ಮಾತು ಆ ವೃತ್ತಿಯಲ್ಲಿ ಆಗ ಯಾರ ಬಾಯಲ್ಲಿಯೂ ಇರಲಿಲ್ಲ.

1849ರ ಮಾರ್ಚಿನಲ್ಲಿ ಅವಧಿ ಮುಗಿದಾಗ ಕ್ಲೈನ್ ಅವನನ್ನು ಮುಂದುವರಿಸಲಿಲ್ಲ. ಆದರೂ ಗೆಳೆಯರಿದ್ದರು, ಸಾಮಾನ್ಯರೂ ಅಲ್ಲ. ಸೆಮೆಲ್‌ವೈಸನಿಗೆ ಬರೆಯುವುದೆಂದರೆ ಬೇಸರ. ಚರ್ಮರೋಗತಜ್ಞ ಹೆಬ್ರಾ ತಾನೇ ಲೇಖನಿ ಹಿಡಿದು ಗೆಳೆಯನ ಶೋಧವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ಸ್ಕೋಡಾ ಅದರ ಪರವಾಗಿ ಉಪನ್ಯಾಸ ಮಾಡಿದನು. ರೊಕಿಟಾನ್ಸ್ಕಿಯೂ ಬೆಂಬಲಕ್ಕೆ ನಿಂತನು. ಇನ್ನೊಬ್ಬನ ಶೋಧಕ್ಕಾಗಿ ತನ್ನ ಲೇಖನಿ ಸವೆಸುವ ವಿದ್ವಾಂಸ ಎಷ್ಟು ದುರ್ಲಭನೆಂಬುದು ಕಾಲೇಜುಗಳಲ್ಲಿ ದುಡಿಯುವ ನಮಗೆ ಗೊತ್ತಿದೆ. 1850ರಲ್ಲಿ ಅವನಿಗೆ ಉಪನ್ಯಾಸಕನ ಹುದ್ದೆ ಸಿಕ್ಕಿತು. ಆದರೆ ಗೊಂಬೆಯ ಮೇಲೆ ಮಾತ್ರ ಪಾಠ ಹೇಳಬೇಕೆಂಬ ನಿರ್ಬಂಧದೊಡನೆ. ಅವಮಾನ ಸಹಿಸಲಾರದೆ, ತನಗಾಗಿ ಹೋರಾಡಿದ ಈ ಗೆಳೆಯರಿಗೆ ಒಂದು ಮಾತೂ ತಿಳಿಸದೆ ಅವನು ಪೆಸ್ಟ್ ನಗರಕ್ಕೆ ಹೊರಟುಹೋದನು.

ಅಲ್ಲಿ ಸಂತ ರೋಖುಸ್ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ದುಡಿದನು. ಆರು ವರ್ಷಗಳಲ್ಲಿ 933 ಹೆರಿಗೆ. ಈ ಜ್ವರದಿಂದ ಸತ್ತವರು ಎಂಟು ಮಂದಿ. 1855ರಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದನು. ಅಲ್ಲಿನ ಹಾಸಿಗೆ ಬಟ್ಟೆ ಸರಿಯಾಗಿ ಒಗೆಯದೆ ಬಂದು ಜ್ವರ ಹಬ್ಬಿದಾಗ, ನಾರುವ ಆ ಬಟ್ಟೆಗಳನ್ನೇ ಹೊತ್ತುಕೊಂಡು ಹೋಗಿ ಮೇಲಧಿಕಾರಿಯ ಮುಂದೆ ಹಿಡಿದನು. ಬಡ ಬಾಣಂತಿಗಾಗಿ ಅವನು ಯಾರೊಡನೆಯೂ ಜಗಳಕ್ಕೆ ಸಿದ್ಧ.

ಆದರೆ ಆ ಜಗಳ ಬರಬರುತ್ತ ಕಹಿಯಾಯಿತು. 1861ರಲ್ಲಿ ಅವನ ಗ್ರಂಥ ಹೊರಬಂದಿತು. ವಿದ್ವಾಂಸರ ಉಪೇಕ್ಷೆ ಮುಂದುವರಿಯಿತು. ಆಗ ಬಹಿರಂಗ ಪತ್ರಗಳನ್ನು ಅಚ್ಚುಹಾಕಿಸಿ, ವಿಯೆನ್ನಾದ ಷ್ಪೇಟ್, ವುರ್ಟ್ಸ್‌ಬುರ್ಗಿನ ಸ್ಕಾನ್ಸೋನಿ ಮೊದಲಾದ ಪ್ರಾಧ್ಯಾಪಕರ ಮೇಲೆ ಹೆಸರು ಹಿಡಿದು ಕೊಲೆಯ ಆರೋಪ ಹೊರಿಸಿದನು. ಅವನು ಹೇಳಿದುದರ ತಿರುಳು ಸುಳ್ಳಲ್ಲ; ಅವರ ವಿಭಾಗಗಳಲ್ಲಿ ಹೆಂಗಸರು ಸಾಯುತ್ತಲೇ ಇದ್ದರು. ಆದರೆ ತನ್ನ ಹಳೆಯ ಅಜ್ಞಾನವನ್ನು ಕಂಬನಿಯಿಂದ ಒಪ್ಪಿಕೊಂಡಿದ್ದವನು, ಇತರರಿಗೆ ಅದೇ ಬಾಗಿಲನ್ನು ತೆರೆದಿಡಲಿಲ್ಲ. ತೆರೆದಿದ್ದರೆ ಅವರು ಒಳಬರುತ್ತಿದ್ದರೆ? ಖಂಡಿತವಾಗಿ ಹೇಳಲಾರೆ. ಹಲವು ವರ್ಷ ಹೆಚ್ಚೇನೂ ಬರೆಯದೆ ಕಾದುದರಿಂದಲೂ ಸಾವು ನಿಂತಿರಲಿಲ್ಲ. ಮೃದುವಾಗಿದ್ದ ಅವನ ಎದುರಾಳಿಗಳ ಸೌಜನ್ಯವು ತಮ್ಮತಮ್ಮಲ್ಲಿ ಮಾತ್ರ. ಅದರ ಬೆಲೆ ತೆತ್ತವರು ಹಾಸಿಗೆಯ ಮೇಲಿದ್ದವರು. ಆದ್ದರಿಂದ ಸೆಮೆಲ್‌ವೈಸನ ಬಿರುನುಡಿಯನ್ನು ಖಂಡಿಸಲು ಹೊರಟಾಗಲೆಲ್ಲ ನನ್ನ ಲೇಖನಿ ತಡೆಯುತ್ತದೆ.

1865ರ ಹೊತ್ತಿಗೆ ಅವನ ಚಿತ್ತ ಕದಡಿತ್ತು. ಜುಲೈ ಕೊನೆಯಲ್ಲಿ ಅವನನ್ನು ವಿಯೆನ್ನಾಕ್ಕೆ ಕರೆತಂದರು. ನಿಲ್ದಾಣದಲ್ಲಿ ಎದುರುಗೊಂಡವನು ಹಳೆಯ ಗೆಳೆಯ ಹೆಬ್ರಾ. ಹೊಸ ಆಸ್ಪತ್ರೆಯೊಂದನ್ನು ತೋರಿಸುವ ನೆವದಿಂದ ಹೆಬ್ರಾ ಅವನನ್ನು ಹುಚ್ಚಾಸ್ಪತ್ರೆಗೆ ಕರೆದೊಯ್ದನು. ಬಿಡಿಸಿಕೊಳ್ಳಲು ಯತ್ನಿಸಿದಾಗ ಕಾವಲುಗಾರರು ಹೊಡೆದರು. ಗಾಯ ಕೊಳೆತು, ನಂಜು ಮೈಗೇರಿ, ಆಗಸ್ಟ್ 13ರಂದು ತನ್ನ 47ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಕೊಲ್ಲೆಚ್ಕನನ್ನೂ ಆ ಬಾಣಂತಿಯರನ್ನೂ ಕೊಂದ ನಂಜಿನಂಥದೇ ಅವನನ್ನೂ ಕೊಂದಿತು. ಶವಪರೀಕ್ಷೆ ನಡೆದುದು ಅವನು ದುಡಿದಿದ್ದ ಅದೇ ಸಾರ್ವಜನಿಕ ಆಸ್ಪತ್ರೆಯಲ್ಲಿ. ಅವನ ಸಾವಿನ ಹಿಂದಿನ ದಿನ, ಆಗಸ್ಟ್ 12ರಂದು, ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನು ಕಾಲು ಮುರಿದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಪಟ್ಟಿ ಕಟ್ಟಿದ್ದನು. ಹುಡುಗ ಬದುಕಿಕೊಂಡನು. ಸೆಮೆಲ್‌ವೈಸನ ಹೆಸರನ್ನು ಲಿಸ್ಟರ್ ಆಗ ಕೇಳಿಯೇ ಇರಲಿಲ್ಲ.