ಕುಂದಗೋಳದ ಗುರು ಸವಾಯಿ ಗಂಧರ್ವರು

ಅಭ್ಯಾಸ ಬೋಧನೆಗೆಂದು ಕುಂದಗೋಳದ ಶಾಲೆಗಳಿಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಊರಿನ ನಾಡಿಗೇರ ವಾಡೆಯನ್ನು ನೋಡಿರುತ್ತಾರೆ. ಹಿಂದೂಸ್ತಾನಿ ಸಂಗೀತದ ಹೆಸರಾಂತ ಗಾಯಕರೂ ರಂಗನಟರೂ ಆಗಿದ್ದ ಸವಾಯಿ ಗಂಧರ್ವರ ಬಾಲ್ಯ ಆ ವಾಡೆಯ ನೆರಳಿನಲ್ಲಿ ಕಳೆಯಿತು. ಅವರನ್ನು ಗಾಯಕರೆಂದು ಎಲ್ಲರೂ ಬಲ್ಲರು. ಶಿಕ್ಷಕರಾಗುವವರು ಅವರನ್ನು ಒಬ್ಬ ಗುರುವಾಗಿಯೂ ಅರಿಯಬೇಕು. ರಂಗಭೂಮಿಯಲ್ಲಿ ಜನರನ್ನು ಗೆದ್ದ ಅವರು ಆಮೇಲೆ ಹಳ್ಳಿಗೆ ಮರಳಿ ಪಾಠ ಹೇಳಲು ಕುಳಿತರು. ಅವರ ಬಾಳಿನಲ್ಲಿ ನಮ್ಮ ಕಸುಬಿಗೆ ಬೇಕಾದ ಪಾಠಗಳು ಹಲವಿವೆ.

ಅವರ ನಿಜ ಹೆಸರು ರಾಮಚಂದ್ರ. ಮನೆಯವರಿಗೂ ಊರವರಿಗೂ ರಾಮಭಾವು. ಹುಬ್ಬಳ್ಳಿಯ ಬಳಿಯ ಅಮರಗೋಳದಲ್ಲಿ 1886ರ ಜನವರಿ 19ರಂದು ಜನನ. ತಂದೆ ಗಣೇಶ ಸೌಂಶಿ ಕುಂದಗೋಳದ ನಾಡಿಗೇರ ಮನೆತನದಲ್ಲಿ ಕಾರಕೂನರಾಗಿದ್ದರು. ಆಗ ಕುಂದಗೋಳ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿರಲಿಲ್ಲ, ಜಮಖಂಡಿ ಸಂಸ್ಥಾನದ ಒಂದು ಭಾಗವಾಗಿತ್ತು. ಶಾಲೆಯ ಪುಸ್ತಕದಲ್ಲಿ ಹುಡುಗನ ಮನಸ್ಸು ನಿಲ್ಲುತ್ತಿರಲಿಲ್ಲ. ಆದರೆ ಪದ್ಯಗಳು ಕೇಳಿದೊಡನೆ ಬಾಯಿಪಾಠವಾಗುತ್ತಿದ್ದವು. ತಂದೆ ಮಗನನ್ನು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಸೇರಿಸಿದರು. ಅದೇ ಊರಿನಲ್ಲಿ ಬಳವಂತರಾವ್ ಕೊಲ್ಹಟಕರ ಬಳಿ ಧ್ರುಪದ, ತರಾನಾಗಳ ಪಾಠವೂ ಮೊದಲಾಯಿತು. ಮಗು ಯಾವುದರಲ್ಲಿ ಹಿಂದೆ ಎಂಬುದನ್ನಷ್ಟೇ ಎಣಿಸದೆ, ಯಾವುದರಲ್ಲಿ ಮುಂದೆ ಎಂಬುದನ್ನೂ ಗುರುತಿಸಿದ ತಂದೆ ಅವರು. 1898ರಲ್ಲಿ ಕೊಲ್ಹಟಕರು ತೀರಿಕೊಂಡಾಗ ಆ ಪಾಠ ನಿಂತಿತು.

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಈ ಭಾಗಕ್ಕೆ ಬಂದಾಗ ನಾಡಿಗೇರರ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಅವರ ಹಾಡುಗಾರಿಕೆಯನ್ನು ಕೇಳಿದ ಹುಡುಗ ಅದನ್ನೇ ಗುನುಗತೊಡಗಿದ. ಖಾನರು ಅದನ್ನು ಗಮನಿಸಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಎಂಟು ವರ್ಷ ತಮ್ಮ ಬಳಿಯೇ ಇದ್ದು ಕಲಿಯಬೇಕು ಎಂಬುದು ಅವರ ಷರತ್ತು. ಬ್ರಾಹ್ಮಣ ಮನೆತನದ ಹುಡುಗ ಮುಸ್ಲಿಂ ಉಸ್ತಾದರ ಮನೆಯಲ್ಲಿದ್ದು ವಿದ್ಯೆ ಕಲಿಯುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಹರೆಯದಲ್ಲಿ ಅವರ ದನಿ ಒಡೆದು ಮೊದಲಿನ ಇಂಪು ಹೋಯಿತು. ಆ ದನಿಯನ್ನು ಮತ್ತೆ ಹದಕ್ಕೆ ತರಲು ಗುರುಶಿಷ್ಯರಿಬ್ಬರೂ ವರ್ಷಗಟ್ಟಲೆ ದುಡಿಯಬೇಕಾಯಿತು. ಮುಂದೆ ಅವರು ಗುರುವಾದಾಗ ತೋರಿದ ತಾಳ್ಮೆಯ ಬೇರು ಇಲ್ಲಿರಬೇಕು. ಕಲಿಕೆ ಕಷ್ಟವಾದವನಿಗೆ ಕಲಿಯುವವರ ಕಷ್ಟ ಬೇಗ ಅರ್ಥವಾಗುತ್ತದೆ.

ಕಲಿಕೆಯ ಬಳಿಕ ರಾಮಭಾವು ಮರಾಠಿ ಸಂಗೀತ ನಾಟಕಗಳಿಗೆ ಸೇರಿದರು. ಗುರುಗಳಿಗೆ ಇದು ಹಿಡಿಸಲಿಲ್ಲ. ಶಾಸ್ತ್ರೀಯ ಗಾಯಕ ಬಣ್ಣ ಹಚ್ಚಿ ಕುಣಿದರೆ ವಿದ್ಯೆ ಹಗುರಾಗುತ್ತದೆ ಎಂಬ ಭಾವನೆ ಆಗ ಬಲವಾಗಿತ್ತು. ಆದರೆ ನಾಟಕ ಕಂಪನಿ ಇನ್ನೊಂದು ಬಗೆಯ ಶಾಲೆ. ದರ್ಬಾರಿನ ಬೈಠಕ್ಕಿಗೆ ಕಾಲಿಡಲಾಗದ ರೈತರು, ನೇಕಾರರು, ಅಂಗಡಿಕಾರರು ನಾಲ್ಕಾಣೆಯೋ ಎಂಟಾಣೆಯೋ ಕೊಟ್ಟು ಕುಳಿತು ರಾಗ ಕೇಳುತ್ತಿದ್ದ ಜಾಗ ಅದು. ಯಾವ ರಾಗವೆಂದು ಹೆಸರು ತಿಳಿಯದವನ ಕಿವಿಗೂ ರಾಗ ಇಳಿಯುತ್ತಿತ್ತು. ಹಾಡುವವನು ಕೆಲವೇ ನಿಮಿಷಗಳಲ್ಲಿ, ಕೊನೆಯ ಸಾಲಿನವನಿಗೂ ತಲುಪುವಂತೆ, ಕಥೆಯ ಭಾವ ಕೆಡದಂತೆ ಹಾಡಬೇಕು. ರಾಮಭಾವು ಸ್ತ್ರೀಪಾತ್ರಗಳಲ್ಲಿ ಹೆಸರಾದರು. ಸೌಭದ್ರ ನಾಟಕದ ಸುಭದ್ರೆಯಾಗಿ ಅವರು ಜನರ ಮನಸ್ಸಿನಲ್ಲಿ ಉಳಿದರು. ಆಗ ಮರಾಠಿ ರಂಗಭೂಮಿಯನ್ನು ಆಳುತ್ತಿದ್ದವರು ಬಾಲಗಂಧರ್ವರು. ಅವರಿಗಿಂತ ಕಾಲುಪಾಲು ಮೇಲು ಎಂಬ ಅರ್ಥದಲ್ಲಿ ಇವರಿಗೆ ಸವಾಯಿ ಗಂಧರ್ವ ಎಂಬ ಬಿರುದು ಬಂತು. ಕುಂದಗೋಳದ ಕನ್ನಡದ ಹುಡುಗ ಮರಾಠಿ ರಂಗದಲ್ಲಿ ಗಳಿಸಿದ ಹೆಸರು ಇದು.

ನಾಟಕದ ತಿರುಗಾಟದಲ್ಲಿ ಶಿಷ್ಯರಿಗೆ ನಿರಂತರ ಪಾಠ ಹೇಳಲು ಆಗುತ್ತಿರಲಿಲ್ಲ. ರಂಗಭೂಮಿಯನ್ನು ಬಿಟ್ಟು ಕುಂದಗೋಳದಲ್ಲಿ ನೆಲೆಸಿದ ಮೇಲೆ ಅವರ ಬಾಳಿನ ಇನ್ನೊಂದು ಘಟ್ಟ ತೆರೆಯಿತು. ದೊಡ್ಡ ಪಟ್ಟಣದಲ್ಲಿ ಸಂಗೀತಶಾಲೆ ತೆರೆಯಬಹುದಾಗಿದ್ದವರು ಹಳ್ಳಿಯ ಮನೆಯಲ್ಲಿ ಕುಳಿತು ಕಲಿಸಿದರು. ಕಲಿಯುವವರು ಅಲ್ಲಿಗೇ ಬಂದರು.

ಗದುಗಿನ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕುತ್ತ 1933ರಲ್ಲಿ ಮನೆ ಬಿಟ್ಟು ಗ್ವಾಲಿಯರ್, ಕಲ್ಕತ್ತಾ, ಜಲಂಧರ ಎಂದು ಅಲೆದ. ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ ಎಂದು ಹಿರಿಯ ಗಾಯಕರೊಬ್ಬರು ತಿಳಿಹೇಳಿದರು. 1936ರಲ್ಲಿ ಅವನು ಕುಂದಗೋಳ ಸೇರಿದ. ನೀರು ಹೊರುವುದೂ ಮನೆಗೆಲಸವೂ ಮೊದಲ ಪಾಠವಾದವು. ಆಮೇಲೆ ತೋಡಿ, ಮುಲ್ತಾನಿ, ಪೂರಿಯಾ ಎಂಬ ಕೆಲವೇ ರಾಗಗಳಲ್ಲಿ ವರ್ಷಗಟ್ಟಲೆ ಸಾಧನೆ.

ಗಂಗೂಬಾಯಿ ಹಾನಗಲ್ಲರ ದಾರಿ ಇನ್ನೂ ಕಠಿಣವಾಗಿತ್ತು. ಅವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳು ಹಾಡುವುದನ್ನು ಊರು ಕೀಳಾಗಿ ಕಾಣುತ್ತಿದ್ದ ಕಾಲ ಅದು. ಅವರು ಬಂದ ಸಮುದಾಯವನ್ನಂತೂ ಮೇಲ್ಜಾತಿಯ ಓಣಿಗಳು ಹತ್ತಿರ ಸೇರಿಸುತ್ತಿರಲಿಲ್ಲ. ಆಗಲೇ ಮಕ್ಕಳ ತಾಯಿಯಾಗಿದ್ದ ಅವರು ಮನೆಯ ಜವಾಬ್ದಾರಿ ಮುಗಿಸಿ, ಸಂಜೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು, ಪಾಠ ಮುಗಿಸಿ ರಾತ್ರಿಯ ರೈಲಿಗೆ ಮರಳುತ್ತಿದ್ದರು. ದಾರಿಯಲ್ಲಿ ಗೇಲಿಯ ಮಾತುಗಳನ್ನು ಕೇಳಬೇಕಿತ್ತು. ಸುಮಾರು ಮೂರು ವರ್ಷ ಈ ಓಡಾಟ ನಡೆಯಿತು. ಗುರುಗಳು ಒಂದೇ ಸ್ವರಸಮೂಹವನ್ನು ಸರಿಹೋಗುವವರೆಗೂ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಜಿಪುಣ ಹಣ ಖರ್ಚು ಮಾಡುವಂತೆ ಸ್ವರವನ್ನು ಒಂದೊಂದಾಗಿ, ಎಣಿಸಿ ಬಿಚ್ಚಬೇಕು ಎಂಬುದು ಅವರ ಬೋಧನೆಯ ತಿರುಳು. ಒಂದು ಕಾಲಕ್ಕೆ ಹುಡುಗ ರಾಮಭಾವು ವಿದ್ಯೆಗಾಗಿ ಕುಂದಗೋಳದಿಂದ ಹುಬ್ಬಳ್ಳಿಯ ಕಡೆ ಮುಖ ಮಾಡಿದ್ದರು. ಈಗ ಅದೇ ದಾರಿಯಲ್ಲಿ ವಿದ್ಯೆ ಹುಡುಕಿ ಒಬ್ಬ ಹೆಣ್ಣುಮಗಳು ಅವರ ಕಡೆ ಬರುತ್ತಿದ್ದರು.

ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರ್ ಅವರೂ ಇವರ ಶಿಷ್ಯರೇ. ಕುಂದಗೋಳ ತಾಲ್ಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು ಕೂಡ ಇವರಲ್ಲಿ ಪಾಠ ಪಡೆದರು. ಒಬ್ಬ ಗುರುವಿನ ಮುಂದೆ ಇಷ್ಟು ಬೇರೆ ಬೇರೆ ಹಿನ್ನೆಲೆಯವರು ಕುಳಿತರು. ಆದರೂ ಯಾರ ದನಿಯೂ ಇನ್ನೊಬ್ಬರ ದನಿಯ ಪ್ರತಿಯಾಗಲಿಲ್ಲ. ಭೀಮಸೇನರ ಗರ್ಜನೆಯೇ ಬೇರೆ, ಗಂಗೂಬಾಯಿಯವರ ಗಂಭೀರ ದನಿಯೇ ಬೇರೆ. ಅಡಿಪಾಯ ಒಂದೇ, ಕಟ್ಟಿದ ಮನೆಗಳು ಬೇರೆ ಬೇರೆ.

ಬಾಳಿನ ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯು ಬಡಿದು ಅವರ ಹಾಡು ನಿಂತಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಭೀಮಸೇನ ಜೋಶಿಯವರು ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವ ಆರಂಭಿಸಿದರು. ಕುಂದಗೋಳದಲ್ಲಿಯೂ ಅವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ಹೆಸರಾಂತ ಕಲಾವಿದರು ಹಾಡುವಾಗ ಹೊಲದ ಕೆಲಸ ಮುಗಿಸಿ ಬಂದವರೂ ಕೇಳುತ್ತ ಕೂರುತ್ತಾರೆ.

ನಮ್ಮ ಪ್ರಶಿಕ್ಷಣಾರ್ಥಿಗಳು ಇದರಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು? ಶಿಷ್ಯರಿಂದ ಮನೆಗೆಲಸ ಮಾಡಿಸುವುದು, ಪಾಠಕ್ಕೆ ತಿಂಗಳುಗಟ್ಟಲೆ ಕಾಯಿಸುವುದು ಆ ಕಾಲದ ಪದ್ಧತಿ. ಇಂದಿನ ಶಾಲೆಗೆ ಅದು ಸಲ್ಲದು, ಕಾನೂನೂ ಒಪ್ಪದು. ಆದರೆ ಮೂರು ಸಂಗತಿಗಳು ನಮ್ಮವಾಗಬಹುದು. ಮೊದಲನೆಯದು, ಘಟಕ ಮುಗಿಸುವ ಅವಸರದಲ್ಲಿ ಅಡಿಪಾಯವನ್ನು ಬಿಡದಿರುವುದು. ಎರಡನೆಯದು, ರಂಗಭೂಮಿಯ ಗುಣವನ್ನು ತರಗತಿಗೆ ತರುವುದು. ಕೊನೆಯ ಬೆಂಚಿನ ಮಗುವಿಗೆ ನಮ್ಮ ದನಿ, ನಮ್ಮ ಭಾವ ತಲುಪಿತೇ ಎಂದು ಪ್ರತಿ ಪಾಠದ ಬಳಿಕ ನಮ್ಮನ್ನೇ ಕೇಳಿಕೊಳ್ಳಬೇಕು. ನವಲಗುಂದ, ಅಣ್ಣಿಗೇರಿ, ಕಲಘಟಗಿಯ ಶಾಲೆಗಳಲ್ಲಿ ಇತಿಹಾಸದ ಒಂದು ಪಾಠವನ್ನು ಮಕ್ಕಳಿಂದಲೇ ಆಡಿಸಿದರೆ, ಪುಸ್ತಕದಿಂದ ದೂರವಿರುವ ಹುಡುಗನೂ ಮಾತು ಬಾಯಿಪಾಠ ಮಾಡಿಕೊಂಡು ಮುಂದೆ ಬರುತ್ತಾನೆ. ರಾಮಭಾವು ಅಂಥ ಹುಡುಗನೇ ಆಗಿದ್ದರು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಊರು ಹಳಿದ ಹೆಣ್ಣುಮಗಳೊಬ್ಬಳು ರಾತ್ರಿಯ ರೈಲಿನ ಹೊತ್ತನ್ನು ಲೆಕ್ಕಹಾಕುತ್ತ ಕಲಿಯಲು ಬಂದಾಗ ಗುರು ಅವಳ ಕುಲವನ್ನು ನೋಡಲಿಲ್ಲ, ಸ್ವರವನ್ನು ನೋಡಿದರು. ನಮ್ಮ ತರಗತಿಗೂ ದೂರದ ತಾಂಡಾದಿಂದ, ಹೊಲದ ಮನೆಯಿಂದ, ಬಸ್ಸಿನ ಹೊತ್ತು ಲೆಕ್ಕಹಾಕುತ್ತ ಬರುವ ಮಕ್ಕಳಿದ್ದಾರೆ. ಹಾಜರಿ ಕರೆಯುವಾಗ ಅವರು ನಡೆದು ಬಂದ ದಾರಿಯೂ ನಮ್ಮ ನೆನಪಿನಲ್ಲಿರಲಿ.