ಕೊಚ್ಚಿ ಬಂದರಿನ ನಿರ್ಮಾಪಕ ರಾಬರ್ಟ್ ಬ್ರಿಸ್ಟೋ

ಹೊಟ್ಟೆಪಾಡಿಗಾಗಿ ಮಂಗಳೂರಿನಿಂದ ಮುಂಬಯಿಗೆ ಹೊರಟ ನಮ್ಮ ಹಿರಿಯರು ಹಡಗು ಹತ್ತುತ್ತಿದ್ದ ಬಗೆಯನ್ನು ವಾಚಕರಲ್ಲಿ ಅನೇಕರು ಮನೆಯ ವೃದ್ಧರ ಬಾಯಿಂದ ಕೇಳಿರಬಹುದು. ಆ ಕಾಲದ ಆಗಬೋಟು ದಡಕ್ಕೆ ಬರುತ್ತಿರಲಿಲ್ಲ. ಅದು ದೂರದ ಕಡಲಿನಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಟ್ರಂಕು ಹಾಸಿಗೆಗಳೊಡನೆ ದೋಣಿಯಲ್ಲಿ ಕುಳಿತು, ಅಲೆಗಳ ಮೇಲೆ ತೂಗಾಡುತ್ತ, ಅದರ ಮಗ್ಗುಲಿಗೆ ಹೋಗಿ ಏಣಿ ಹತ್ತಬೇಕಾಗಿತ್ತು. ಮಳೆಗಾಲ ಬಂದರೆ ಅದೂ ನಿಂತುಹೋಗುತ್ತಿತ್ತು. ಇದಕ್ಕೆಲ್ಲ ಕಾರಣ ಅಳಿವೆ. ನದಿಯು ಹೊತ್ತು ತಂದ ಹೂಳೂ ಕಡಲು ತಳ್ಳಿದ ಮರಳೂ ನದೀಮುಖದಲ್ಲಿ ಸಂಧಿಸಿ, ನೀರಿನೊಳಗೆ ಕಣ್ಣಿಗೆ ಕಾಣದ ಅಡ್ಡಗಟ್ಟೆಯೊಂದನ್ನು ಕಟ್ಟಿಬಿಡುತ್ತವೆ. ದೊಡ್ಡ ಹಡಗಿಗೆ ಅಲ್ಲಿ ಪ್ರವೇಶವಿಲ್ಲ.

ಇದೇ ಪಡುಗಡಲಿನ ದಂಡೆಯಲ್ಲಿ, ಇನ್ನೂ ದಕ್ಷಿಣಕ್ಕೆ, ಕೊಚ್ಚಿಯಲ್ಲಿ ಇಂಥದೇ ಕಟ್ಟೆಯೊಂದಿತ್ತು. ಅದನ್ನು ಛೇದಿಸಿ ಹಡಗುಗಳನ್ನು ಒಳಗೆ ತಂದ ಇಂಜಿನಿಯರರ ಜೀವನವನ್ನು ಇಂದು ನಾವು ನಿರೂಪಿಸಲಿದ್ದೇವೆ. ಅವರು ಪರದೇಶೀಯರು, ಆಳರಸರ ನೌಕರರು. ಆದರೂ ಅವರ ಕಾರ್ಯವನ್ನು ತಿಳಿಯದೆ ನಮ್ಮ ಕರಾವಳಿಯ ಬಂದರುಗಳ ಕಥೆ ಪೂರ್ಣವಾಗದು.

ರಾಬರ್ಟ್ ಚಾರ್ಲ್ಸ್ ಬ್ರಿಸ್ಟೋ 1880ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಜನಿಸಿದರು. ಇಂಜಿನಿಯರಿಂಗ್ ವಿದ್ಯೆಯನ್ನು ಪೂರೈಸಿ ಬ್ರಿಟಿಷ್ ನೌಕಾಖಾತೆಯ ಕೆಲಸಕ್ಕೆ ಸೇರಿ, ಹಡಗುಕಟ್ಟೆಗಳ ನಡುವೆ ತಮ್ಮ ಯೌವನವನ್ನು ಕಳೆದರು. ಆಗ ಮದರಾಸಿನ ಗವರ್ನರರಾಗಿದ್ದವರು ಲಾರ್ಡ್ ವಿಲಿಂಗ್ಡನ್. ಅದಕ್ಕೆ ಮುನ್ನ ಅವರೇ ಮುಂಬಯಿಯ ಗವರ್ನರರಾಗಿದ್ದರೆಂಬುದನ್ನು ಆ ನಗರದ ವಾಚಕರು ಬಲ್ಲರು. ಅವರ ಆಡಳಿತದಲ್ಲಿ ಕೊಚ್ಚಿಯ ಪ್ರಶ್ನೆಯನ್ನು ಬಗೆಹರಿಸಲು ನಿಯುಕ್ತರಾಗಿ ಬ್ರಿಸ್ಟೋ 1920ರ ಏಪ್ರಿಲ್ 13ರಂದು ಕೊಚ್ಚಿಗೆ ಬಂದಿಳಿದರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ.

ಅವರು ಕಂಡ ಕೊಚ್ಚಿ ಯಾವುದು? ಒಳಗಡೆ ವಿಶಾಲವೂ ಶಾಂತವೂ ಆದ ಹಿನ್ನೀರು. ನೂರು ಹಡಗು ನಿಲ್ಲಬಹುದಾದ ಸ್ಥಳ. ಆದರೆ ಬಾಗಿಲಿನಲ್ಲಿ ಕಲ್ಲಿನಂತೆ ಗಟ್ಟಿಯಾದ ಮರಳಿನ ದಿಬ್ಬ, ಅದರ ಮೇಲೆ 8ರಿಂದ 10 ಅಡಿ ನೀರು. ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ನಿಂತು ದೋಣಿಗಳ ಮೂಲಕ ಸರಕು ಇಳಿಸುತ್ತಿದ್ದವು. ದಿಬ್ಬವನ್ನು ಕಡಿಯುವ ವಿಚಾರವು ಹೊಸದೇನಲ್ಲ. ಅದು ಹತ್ತೊಂಬತ್ತನೆಯ ಶತಮಾನದಿಂದಲೇ ಚರ್ಚೆಯಲ್ಲಿತ್ತು. ಜನರನ್ನು ಹೆದರಿಸಿದ್ದು ಕಡಿಯುವ ಕಷ್ಟವಲ್ಲ, ಕಡಿದ ಮೇಲೆ ಕಡಲು ಏನು ಮಾಡೀತೆಂಬ ಶಂಕೆ. ಉತ್ತರ ದಡದಲ್ಲಿ ವೈಪಿನ್ ಎಂಬ ಉದ್ದನೆಯ ತಗ್ಗು ದ್ವೀಪವಿದೆ. ಬೆಸ್ತರೂ ಕೂಲಿಕಾರರೂ ಒತ್ತಾಗಿ ನೆಲೆಸಿದ ಸ್ಥಳ. ಅಡ್ಡಗಟ್ಟೆ ಹೋದರೆ ಮಳೆಗಾಲದ ಅಲೆಗಳು ಆ ದಡವನ್ನು ನುಂಗಲಾರವೆ? ಹಿನ್ನೀರಿನ ಸಮತೋಲ ಕೆಡಲಾರದೆ? ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ.

ಬ್ರಿಸ್ಟೋ ಅವರ ಹಿರಿಮೆಯು ಇಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ. ಯಂತ್ರವನ್ನು ತರಿಸಿ ಒಡನೆಯೇ ಅಗೆಯಲು ತೊಡಗುವುದು ಅವರಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮಳೆಗಾಲದ ಕಡಲನ್ನೂ ಬೇಸಗೆಯ ಕಡಲನ್ನೂ, ಉಬ್ಬರವಿಳಿತಗಳನ್ನೂ, ಮರಳು ದಡದಗುಂಟ ಸರಿಯುವ ದಿಕ್ಕನ್ನೂ ಪರೀಕ್ಷಿಸಿದರು. ವೈಪಿನ್ ದಡದಿಂದ ಕಡಲಿನೊಳಕ್ಕೆ ಕಗ್ಗಲ್ಲಿನ ಮೋಟು ಗೋಡೆಗಳನ್ನು ಚಾಚಿ ಕಟ್ಟಿಸಿದರು. ಅಲೆಯು ಹೊತ್ತೊಯ್ಯುವ ಮರಳನ್ನು ಇಂಥ ಗೋಡೆಯು ತಡೆದು ತನ್ನ ಮಗ್ಗುಲಲ್ಲಿಯೇ ಶೇಖರಿಸುತ್ತದೆ, ಕಡಲೇ ತನ್ನ ಕೈಯಿಂದ ದಡವನ್ನು ಕಟ್ಟುತ್ತದೆ. ಈ ಪ್ರಯೋಗದಿಂದ ಧೈರ್ಯ ಬಂದ ಮೇಲೆಯೇ ಅವರು ಕಾರ್ಯವು ಸಾಧ್ಯವೆಂದು ಸರಕಾರಕ್ಕೆ ತಿಳಿಸಿದರು.

ಈ ಕರಾವಳಿಯ ಮತ್ತೊಂದು ವಿಸ್ಮಯವೂ ಅವರನ್ನು ಬಹುಕಾಲ ಸೆಳೆಯಿತು. ಮಳೆಗಾಲದಲ್ಲಿ ಎಲ್ಲೆಡೆಯೂ ಕಡಲು ಭೋರ್ಗರೆಯುತ್ತಿರುವಾಗ, ಆಲಪ್ಪುಳ ಮೊದಲಾದ ಕೆಲವೆಡೆಗಳಲ್ಲಿ ನೀರು ಕೆಸರಿನಿಂದ ದಪ್ಪವಾಗಿ, ಎಣ್ಣೆ ಸುರಿದಂತೆ ಅಲೆಗಳು ಅಡಗಿಬಿಡುತ್ತವೆ. ಅಲ್ಲಿ ಮೀನುಗಳ ಸುಗ್ಗಿ. ಮಲೆಯಾಳಿಗಳು ಇದನ್ನು ಚಾಕರವೆನ್ನುತ್ತಾರೆ. ಕೆಸರಿನ ಈ ದಿಬ್ಬಗಳು ವರ್ಷದಿಂದ ವರ್ಷಕ್ಕೆ ಸ್ಥಳ ಬದಲಿಸುವುದೂ ಉಂಟು. ಬೆಸ್ತರು ದೇವರ ವರವೆಂದು ಸ್ವೀಕರಿಸಿದ್ದನ್ನು ಬ್ರಿಸ್ಟೋ ದಾಖಲೆಗಳನ್ನು ಸಂಗ್ರಹಿಸಿ ಅಭ್ಯಸಿಸಿದರು. ಕೆಸರಿನ ದಿಬ್ಬಗಳ ಚರಿತ್ರೆಯನ್ನು ಕುರಿತ ಅವರ ಗ್ರಂಥವು 1938ರಲ್ಲಿ ಕೊಚ್ಚಿ ಸರಕಾರದ ಮುದ್ರಣಾಲಯದಿಂದಲೇ ಹೊರಬಿತ್ತು.

ಕಡಲಿಗಿಂತ ಕಠಿನವಾದುದು ಕಚೇರಿ. ಫೋರ್ಟ್ ಕೊಚ್ಚಿಯು ಬ್ರಿಟಿಷರದು, ಎರ್ನಾಕುಲವು ಕೊಚ್ಚಿಯ ಮಹಾರಾಜರದು, ದಕ್ಷಿಣದ ಹಿನ್ನೀರು ತಿರುವಾಂಕೂರಿನದು. ಬಂದರಿನ ಖರ್ಚನ್ನು ಯಾರು ಹೊರಬೇಕು, ಸುಂಕದ ಆದಾಯದಲ್ಲಿ ಯಾರಿಗೆಷ್ಟು ಪಾಲು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಗುಮಾಸ್ತರಾದ ನಮ್ಮ ವಾಚಕರಿಗೆ ಕಡತಗಳ ಗತಿಯನ್ನು ನಾವು ಬಣ್ಣಿಸಬೇಕಾಗಿಲ್ಲ.

ಅಂತೂ 1926ರಲ್ಲಿ ಲಾರ್ಡ್ ವಿಲಿಂಗ್ಡನ್ ಎಂಬ ಹೆಸರಿನ ಹೂಳೆತ್ತುವ ಹಡಗು ಕೊಚ್ಚಿಗೆ ಬಂದಿತು. ಅದು ತಳದ ಮರಳನ್ನು ನೀರಿನೊಡನೆ ಹೀರಿ, ಉದ್ದನೆಯ ಕೊಳವೆಗಳ ಮೂಲಕ ದೂರಕ್ಕೆ ದೂಡುವ ಯಂತ್ರ. ನೀರು ಹರಿದುಹೋಗುತ್ತದೆ, ಮರಳು ಉಳಿಯುತ್ತದೆ. ದಿನಕ್ಕೆ 20 ಗಂಟೆಯಾದರೂ ಯಂತ್ರವು ದುಡಿದರೆ ಮಾತ್ರ ಲೆಕ್ಕ ಸರಿಹೊಂದುವುದೆಂದು ನಿಶ್ಚಯವಾಗಿತ್ತು. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸಿ ನಡುರಾತ್ರಿಗೆ ಆರಿಸುವ ಹೋಟೆಲಿನ ಬಂಧುಗಳು ಇಂಥ ದುಡಿಮೆಯ ಅರ್ಥವನ್ನು ನಮಗಿಂತ ಚೆನ್ನಾಗಿ ಬಲ್ಲರು. ಯಂತ್ರದ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಪಾಳಿಯ ಮೇಲೆ ಪಾಳಿಯಂತೆ ಅದರೊಡನೆ ದುಡಿದ ಖಲಾಸಿಗಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ದಿಬ್ಬದ ನಡುವೆ ಸುಮಾರು 450 ಅಡಿ ಅಗಲದ ಕಾಲುವೆಯು ತೆರೆಯಿತು. 1928ರ ಮೇ 26ರಂದು ಪದ್ಮಾ ಎಂಬ ಉಗಿಹಡಗು ಅದರ ಮೂಲಕ ಒಳಬಂದಿತು. ಮಳೆಗಾಲ ಬಂದು ಹೋಯಿತು. ವೈಪಿನ್ ದ್ವೀಪವು ಇದ್ದಲ್ಲಿಯೇ ಇತ್ತು.

ಇನ್ನು ಮೇಲೆತ್ತಿದ ಮಣ್ಣಿನ ವಿಷಯ. ಅದನ್ನು ಬ್ರಿಸ್ಟೋ ಕಡಲಿಗೆ ಎಸೆಯಲಿಲ್ಲ. ಮಟ್ಟಾಂಚೇರಿಗೂ ಎರ್ನಾಕುಲಕ್ಕೂ ನಡುವೆ, ವೆಂಡುರುತ್ತಿ ಎಂಬ ಪುಟ್ಟ ದ್ವೀಪಕ್ಕೆ ತಾಗಿದಂತೆ ಹಿನ್ನೀರಿನಲ್ಲಿ ಸುರಿಸಿ, ಸುಮಾರು 780 ಎಕರೆ ಹೊಸ ನೆಲವನ್ನು ಸೃಷ್ಟಿಸಿದರು. ಅದೇ ವಿಲಿಂಗ್ಡನ್ ದ್ವೀಪ. ಹಡಗುಕಟ್ಟೆ, ಉಗ್ರಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣ ಎಲ್ಲವೂ ಅಲ್ಲಿಯೇ ಎದ್ದವು. 1999ರಲ್ಲಿ ನೆಡುಂಬಾಶ್ಶೇರಿಯ ನಿಲ್ದಾಣವು ತೆರೆಯುವವರೆಗೆ ಕೊಚ್ಚಿಗೆ ವಿಮಾನದಲ್ಲಿ ಬಂದವರು ಕಾಲಿಟ್ಟಿದ್ದು ಒಮ್ಮೆ ನೀರಿನ ತಳದಲ್ಲಿದ್ದ ಮಣ್ಣಿನ ಮೇಲೆಯೇ. ದ್ವೀಪವನ್ನು ಎರಡೂ ಕಡೆಯ ಊರುಗಳಿಗೆ ಸೇತುವೆಗಳು ಜೋಡಿಸಿದವು. ಮಟ್ಟಾಂಚೇರಿಯ ಕಡೆಯ ಸೇತುವೆಯಲ್ಲಿ ದೋಣಿಗಳು ಹಾಯಲೆಂದು ನಡುಭಾಗವನ್ನು ಮೇಲಕ್ಕೆತ್ತುವ ವ್ಯವಸ್ಥೆಯಿತ್ತು. 1936ರಲ್ಲಿ ಭಾರತ ಸರಕಾರವು ಕೊಚ್ಚಿಯನ್ನು ಪ್ರಮುಖ ಬಂದರೆಂದು ಘೋಷಿಸಿತು. ಕೊಚ್ಚಿಯ ದಿವಾನರಾಗಿದ್ದ ಷಣ್ಮುಖಂ ಚೆಟ್ಟಿಯವರು ಈ ಕಾರ್ಯಕ್ಕೆ ಬೆಂಬಲವಾಗಿ ನಿಂತರು.

ಬ್ರಿಸ್ಟೋ ದಂಪತಿಗಳ ಮತ್ತೊಂದು ಕಾರ್ಯವನ್ನು ನಾವು ಮರೆಯಲಾಗದು. ಆ ಕಾಲದಲ್ಲಿ ಯೂರೋಪಿಯನ್ನರ ಕ್ಲಬ್ಬುಗಳಲ್ಲಿ ಭಾರತೀಯನು ಪಾನೀಯದ ತಟ್ಟೆ ಹಿಡಿದು ಪ್ರವೇಶಿಸಬಹುದಾಗಿತ್ತೇ ಹೊರತು ಸದಸ್ಯನಾಗಿ ಕುಳಿತುಕೊಳ್ಳುವಂತಿರಲಿಲ್ಲ. ರಾಬರ್ಟರೂ ಅವರ ಪತ್ನಿ ಗರ್ಟ್ರೂಡರೂ 1931ರಲ್ಲಿ ಎರ್ನಾಕುಲದಲ್ಲಿ ಲೋಟಸ್ ಕ್ಲಬ್ಬನ್ನು ಸ್ಥಾಪಿಸಿ, ಭಾರತೀಯರಿಗೂ ಯೂರೋಪಿಯನ್ನರಿಗೂ ಸಮಾನ ಪ್ರವೇಶವನ್ನು ಕಲ್ಪಿಸಿದರು. ತಟ್ಟೆ ಹಿಡಿದವರ ಪಾಡು ಅದರಿಂದ ಬದಲಾಯಿತೆಂದು ನಾವು ಹೇಳಲಾರೆವು. ಆದರೂ ಆ ದಿನಗಳಲ್ಲಿ ಅದು ಸಣ್ಣ ಸಾಹಸವಲ್ಲ.

1941ರ ಏಪ್ರಿಲಿನಲ್ಲಿ, ಬಂದಿಳಿದು ಸರಿಯಾಗಿ ಇಪ್ಪತ್ತೊಂದು ವರ್ಷಗಳಾದಾಗ, ಬ್ರಿಸ್ಟೋ ಕೊಚ್ಚಿಯಿಂದ ನಿವೃತ್ತರಾದರು. ಎರಡನೆಯ ಮಹಾಯುದ್ಧದಲ್ಲಿ ಆ ಬಂದರು ನೌಕಾಬಲದ ಉಪಯೋಗಕ್ಕೆ ಹೋಯಿತು. ತಮ್ಮ ಅನುಭವಗಳನ್ನು ಅವರು ಕೊಚ್ಚಿನ್ ಸಾಗಾ ಎಂಬ ಗ್ರಂಥದಲ್ಲಿ ಬರೆದರು. ಅದು 1959ರಲ್ಲಿ ಪ್ರಕಟವಾಯಿತು. 1966ರಲ್ಲಿ ಅವರು ನಿಧನಹೊಂದಿದರು.

ಕಡಲು ಮಾತ್ರ ಆ ಒಪ್ಪಂದವನ್ನು ಪೂರ್ಣವಾಗಿ ಅಂಗೀಕರಿಸಿಲ್ಲ. ಪ್ರತಿ ಮಳೆಗಾಲವೂ ಕಾಲುವೆಯಲ್ಲಿ ಹೂಳು ತುಂಬುತ್ತದೆ, ಅದನ್ನು ಮತ್ತೆ ತೆಗೆಯಬೇಕು. ಕೊಚ್ಚಿಯ ದಕ್ಷಿಣಕ್ಕಿರುವ ಚೆಲ್ಲಾನಂ ಎಂಬ ಬೆಸ್ತರ ಊರಿನ ದಡವನ್ನು ಅಲೆಗಳು ಕೊರೆಯುತ್ತ ಬಂದಿವೆ. ದಡಕ್ಕೆ ಬರಬೇಕಾದ ಮರಳನ್ನು ಹಡಗಿನ ಕಾಲುವೆಯೇ ನುಂಗುತ್ತಿದೆಯೆಂಬುದು ಅಲ್ಲಿಯ ಜನರ ದೂರು. ಇತ್ತೀಚೆಗೆ ಅಲ್ಲಿ ಕಾಂಕ್ರೀಟಿನ ನಾಲ್ಕು ಕಾಲಿನ ಗುಂಡುಗಳನ್ನು ರಾಶಿಹಾಕಿ ತಡೆಗೋಡೆಯನ್ನು ಕಟ್ಟಲಾಗಿದೆ. ನಮ್ಮ ಮಂಗಳೂರಿನಲ್ಲಿಯಾದರೋ ಹಳೆಯ ಅಳಿವೆಯನ್ನು ಅದರ ಪಾಡಿಗೆ ಬಿಟ್ಟು, ಪಣಂಬೂರಿನಲ್ಲಿ ನೆಲವನ್ನೇ ತೋಡಿ ಕಡಲನ್ನು ಒಳಗೆ ಕರೆದರು. 1975ರ ಜನವರಿಯಲ್ಲಿ ಆ ಹೊಸ ಬಂದರು ಉದ್ಘಾಟನೆಗೊಂಡಿತು. ಅಷ್ಟರಲ್ಲಿ ನಮ್ಮವರು ಮುಂಬಯಿಗೆ ಬಸ್ಸಿನಲ್ಲಿ ಬರತೊಡಗಿದ್ದರು.