ಎದುವಾರ್ ಲ್ಯೂಕಾ

ಫ್ರಾಂಸ್ವಾ ಎದುವಾರ್ ಅನತೋಲ್ ಲ್ಯೂಕಾ (ಏಪ್ರಿಲ್ 4, 1842 – ಅಕ್ಟೋಬರ್ 3, 1891) ಫ್ರಾನ್ಸ್ ದೇಶದ ಗಣಿತಜ್ಞ. 2¹²⁷−1 ಎಂಬ ಸಂಖ್ಯೆಯು ಅವಿಭಾಜ್ಯವೆಂದು 1876ರಲ್ಲಿ ತೋರಿಸಿದವರು ಇವರು. ಯಂತ್ರದ ನೆರವಿಲ್ಲದೆ, ಕೇವಲ ಕೈಲೆಕ್ಕದಿಂದ ಪತ್ತೆಯಾದ ಅವಿಭಾಜ್ಯ ಸಂಖ್ಯೆಗಳಲ್ಲಿ ಇದೇ ಅತಿ ದೊಡ್ಡದು.

ಜೀವನ

ಲ್ಯೂಕಾ ಹುಟ್ಟಿದ್ದು ಉತ್ತರ ಫ್ರಾನ್ಸಿನ ಅಮಿಯಾಂ ನಗರದಲ್ಲಿ. ವ್ಯಾಸಂಗದ ನಂತರ ಪ್ಯಾರಿಸ್ ಖಗೋಳ ವೀಕ್ಷಣಾಲಯದಲ್ಲಿ ಲ ವೆರಿಯೆ ಅವರ ಕೈಕೆಳಗೆ ಕೆಲಸ ಮಾಡಿದರು. 1870–71ರ ಫ್ರಾನ್ಸ್–ಪ್ರಷ್ಯಾ ಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದರು. ಮುಂದೆ ಪ್ಯಾರಿಸ್ಸಿನ ಸೇಂಟ್ ಲೂಯಿ ಮತ್ತು ಶಾರ್ಲಮೇನ್ ಶಾಲೆಗಳಲ್ಲಿ ಗಣಿತದ ಅಧ್ಯಾಪಕರಾದರು.

2¹²⁷−1

2ರ ಘಾತದಿಂದ 1 ಕಳೆದು ಬರುವ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಇವುಗಳಲ್ಲಿ ಅವಿಭಾಜ್ಯವಾದವು ಯಾವುವೆಂದು ಪಾದ್ರಿ ಮರ್ಸೆನ್ 1644ರಲ್ಲೇ ಒಂದು ಪಟ್ಟಿ ಕೊಟ್ಟಿದ್ದರು. ಅದಕ್ಕೆ ಸಾಧನೆ ಇರಲಿಲ್ಲ. 1772ರಲ್ಲಿ ಆಯ್ಲರ್ 2³¹−1ರವರೆಗೆ ತಲುಪಿದರು. ಅದರಾಚೆ ಹಳೆಯ ಮಾರ್ಗ ನಡೆಯುವಂತಿರಲಿಲ್ಲ. ಪಟ್ಟಿಯಲ್ಲಿದ್ದ 2¹²⁷−1, ಅಂದರೆ 170141183460469231731687303715884105727, 39 ಅಂಕಿಗಳದ್ದು. ಇದರ ವರ್ಗಮೂಲಕ್ಕೇ 20 ಅಂಕಿಗಳಿವೆ. ಅಲ್ಲಿಯವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡುವುದು ಮನುಷ್ಯನ ಆಯುಷ್ಯಕ್ಕೆ ಮೀರಿದ ಕೆಲಸ.

ಲ್ಯೂಕಾ ಭಾಜಕಗಳನ್ನು ಹುಡುಕುವುದನ್ನೇ ಬಿಟ್ಟರು. ಫಿಬೊನಾಚಿ ಸಂಖ್ಯೆಗಳ ಗುಣಗಳಿಂದ ಅವರು ಕಂಡುಕೊಂಡ ಪರೀಕ್ಷೆ ಹೇಳಲು ಸರಳ. 3ರಿಂದ ಆರಂಭಿಸಿ, ಪ್ರತಿ ಪದವನ್ನು ವರ್ಗ ಮಾಡಿ 2 ಕಳೆಯಬೇಕು; ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು. 2⁷−1, ಅಂದರೆ 127ಕ್ಕೆ ಹೀಗೆ ಮಾಡಿದರೆ 3, 7, 47, 48, 16, 0 ಬರುತ್ತದೆ. ಆರನೆಯ ಪದ ಸೊನ್ನೆಯಾದ್ದರಿಂದ 127 ಅವಿಭಾಜ್ಯ. 2¹²⁷−1ಕ್ಕೆ 126ನೆಯ ಪದ ಸೊನ್ನೆಯಾಗಬೇಕು. ಅಷ್ಟು ದೊಡ್ಡ ಸಂಖ್ಯೆಗಳ ವರ್ಗವನ್ನು ನೂರಕ್ಕೂ ಹೆಚ್ಚು ಸಲ ಕೈಯಿಂದಲೇ ಮಾಡಬೇಕಿತ್ತು. ಇದಕ್ಕಾಗಿ ಅವರು ದ್ವಿಮಾನ ಪದ್ಧತಿಯನ್ನೂ ಚದುರಂಗದ ಹಾಸಿನಂಥ ಚೌಕುಳಿಯನ್ನೂ ಬಳಸಿದರು.

ಅದೇ ವರ್ಷ 2⁶⁷−1 ಅವಿಭಾಜ್ಯವಲ್ಲವೆಂದೂ ತೋರಿಸಿ, ಮರ್ಸೆನ್ನರ ಪಟ್ಟಿಯಲ್ಲಿ ತಪ್ಪಿದೆಯೆಂದು ಸಾಬೀತುಪಡಿಸಿದರು. ವಿಚಿತ್ರವೆಂದರೆ, ಅದರ ಒಂದು ಅಪವರ್ತನವೂ ಅವರಿಗೆ ತಿಳಿದಿರಲಿಲ್ಲ. ಅವು 193707721 ಮತ್ತು 761838257287 ಎಂಬುದನ್ನು 1903ರಲ್ಲಿ ಅಮೆರಿಕದ ಕೋಲ್ ಪ್ರಕಟಿಸಿದರು.

2¹²⁷−1ನ್ನು 2¹²⁶ರಿಂದ ಗುಣಿಸಿದರೆ 77 ಅಂಕಿಗಳ ಪರಿಪೂರ್ಣ ಸಂಖ್ಯೆ ದೊರೆಯುತ್ತದೆ. 1951ರವರೆಗೆ, ಅಂದರೆ 75 ವರ್ಷ, ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ. ಲೇಮರ್ 1930ರ ದಶಕದಲ್ಲಿ ಪರಿಷ್ಕರಿಸಿದ ಲ್ಯೂಕಾ ಪರೀಕ್ಷೆಯೇ ನಂತರ ಗಣಕಯಂತ್ರಗಳಿಗೂ ಒದಗಿತು.

ಇತರ ಕೃತಿಗಳು ಮತ್ತು ಮರಣ

ಹನೋಯ್ ಗೋಪುರವೆಂಬ ಬಿಲ್ಲೆಗಳ ಆಟವನ್ನು 1883ರಲ್ಲಿ ಗುಪ್ತನಾಮದಲ್ಲಿ ಹೊರತಂದರು. ಕಾಶಿಯ ದೇಗುಲವೊಂದರಲ್ಲಿ 64 ಚಿನ್ನದ ಬಿಲ್ಲೆಗಳಿವೆಯೆಂಬ ಕಟ್ಟುಕತೆ ಈ ಆಟಕ್ಕೆ ಅಂಟಿಕೊಂಡಿದೆ. ಆ ಬಿಲ್ಲೆಗಳನ್ನು ಸಾಗಿಸಲು ಬೇಕಾಗುವ ನಡೆಗಳು 2⁶⁴−1. ಇದೂ ಅದೇ ರೂಪದ ಸಂಖ್ಯೆ, ಆದರೆ 3ರಿಂದ ಭಾಗವಾಗುತ್ತದೆ. ಗಣಿತ ವಿನೋದದ ಬಗ್ಗೆ ಅವರು ಬರೆದ ನಾಲ್ಕು ಸಂಪುಟಗಳಲ್ಲಿ ಕೆಲವು ಮರಣಾನಂತರ ಪ್ರಕಟವಾದವು.

1891ರಲ್ಲಿ ಔತಣವೊಂದರಲ್ಲಿ ಕೆಳಗೆ ಬಿದ್ದ ತಟ್ಟೆಯ ಚೂರು ಸಿಡಿದು ಅವರ ಕೆನ್ನೆಗೆ ಗಾಯವಾಯಿತು. ಗಾಯಕ್ಕೆ ಸೋಂಕು ತಗುಲಿ, ಕೆಲವೇ ದಿನಗಳಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು. ಆಗ ಅವರಿಗೆ 49 ವರ್ಷ; ಸಂಖ್ಯಾಸಿದ್ಧಾಂತ ಕುರಿತ ಅವರ ಗ್ರಂಥದ ಮೊದಲ ಸಂಪುಟ ಅದೇ ವರ್ಷ ಹೊರಬಂದಿತ್ತು.